ಮನೆಯ ಅಕ್ವೇರಿಯಂನಲ್ಲಿ ಆಕ್ಟೋಪಸ್ ಸಾಕಣೆ

ಆಕ್ಟೋಪಸ್ ಮೃದ್ವಂಗಿಗಳ ಗುಂಪಿನ ಶಿರಪಾದಿ ವರ್ಗಕ್ಕೆ ಸೇರಿದ, ಎಂಟು ತೋಳುಗಳ ಕಡಲಜೀವಿ. ಬಸವನಹುಳು, ಕಪ್ಪೆಚಿಪ್ಪುಗಳು ಇದರ ದೂರದ ನೆಂಟರು. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್ ಹತ್ತಿರದ ನೆಂಟ. ಜಗತ್ತಿನ ಕಡಲುಗಳಲ್ಲಿ ಇದರ ಸುಮಾರು 300 ಪ್ರಭೇದಗಳಿವೆ. ಬೆರಳ ತುದಿಯ ಮೇಲೆ ಕೂರಬಲ್ಲ ಪುಟ್ಟ ಜಾತಿಗಳೂ ಇವೆ, ಹತ್ತಾರು ಕಿಲೋ ತೂಗುವ ಉತ್ತರ ಪೆಸಿಫಿಕ್ಕಿನ ದೈತ್ಯ ಆಕ್ಟೋಪಸ್ ಕೂಡ ಇದೆ. ಇವುಗಳಲ್ಲಿ ಕೆಲವನ್ನು ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಅಮೆರಿಕ ಮತ್ತು ಯುರೋಪಿನಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದು ಬಂದಿದೆ. ಈ ಹವ್ಯಾಸದ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಮನೆಯಲ್ಲಿ ಆಕ್ಟೋಪಸ್ಸನ್ನು ಬದುಕಿಸಿ ಇಟ್ಟುಕೊಳ್ಳಲು ಆಗುತ್ತದೆಯೇ? ಆಗುತ್ತದೆ, ಅದಕ್ಕೆ ಬೇಕಾದ ವಿಧಾನಗಳೂ ಸಲಕರಣೆಗಳೂ ಸಿದ್ಧವಾಗಿವೆ. ಆದರೆ ಬದುಕಿಸಿಟ್ಟುಕೊಳ್ಳಬಹುದು ಎಂದ ಮಾತ್ರಕ್ಕೆ ಸಾಕಬಹುದು ಎಂದು ಆಗುವುದಿಲ್ಲ. ನೀರು, ಉಷ್ಣತೆ, ಆಹಾರ, ಮುಚ್ಚಳ ಇವೆಲ್ಲ ಹಣ ಮತ್ತು ತಾಳ್ಮೆಯಿಂದ ಬಗೆಹರಿಯುವ ತೊಡಕುಗಳು. ಈ ಪ್ರಾಣಿಯ ತೀರ ಕಿರಿದಾದ ಆಯುಷ್ಯ ಮತ್ತು ಅದರ ಹುಡುಕುವ ಬುದ್ಧಿ ಯಾವ ಸಲಕರಣೆಗೂ ಬಗ್ಗುವುದಿಲ್ಲ. ಲಭ್ಯವಿರುವ ಪುರಾವೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಮನೆಯಲ್ಲಿ ಸಾಕುವ ಪ್ರಾಣಿಗಳ ಸಾಲಿಗೆ ಆಕ್ಟೋಪಸ್ಸನ್ನು ಸೇರಿಸಲಾಗದು ಎಂಬ ತೀರ್ಮಾನಕ್ಕೇ ಬರಬೇಕಾಗುತ್ತದೆ.

ಗಾಜಿನ ಹಿಂದೆ ಆಕ್ಟೋಪಸ್ಸನ್ನು ಇಟ್ಟು ನೋಡುವ ಆಸೆ ಹತ್ತೊಂಬತ್ತನೆಯ ಶತಮಾನದ ಅಕ್ವೇರಿಯಂ ಹುಚ್ಚಿನ ಕಾಲದ್ದು. ವಿಕ್ಟರ್ ಹ್ಯೂಗೋ 1866ರ ತನ್ನ ಕಾದಂಬರಿಯೊಂದರಲ್ಲಿ ಅದನ್ನು ಮನುಷ್ಯನ ರಕ್ತ ಹೀರುವ ಕಡಲಪಿಶಾಚಿಯಾಗಿ ಚಿತ್ರಿಸಿದ್ದ. 1872ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆದಾಗ ಜನ ಆ ಪಿಶಾಚಿಯನ್ನು ಕಣ್ಣಾರೆ ನೋಡಲು ಮುಗಿಬಿದ್ದರು. ಅಲ್ಲಿನ ಪ್ರಕೃತಿವಿಜ್ಞಾನಿ ಹೆನ್ರಿ ಲೀ 1875ರಲ್ಲಿ ಆಕ್ಟೋಪಸ್ ಕುರಿತು ಇಡೀ ಪುಸ್ತಕವನ್ನೇ ಬರೆದು, ಕಟ್ಟುಕತೆ ಯಾವುದು, ನಿಜ ಯಾವುದು ಎಂದು ಬಿಡಿಸಿ ತೋರಿಸಿದ. ತೊಟ್ಟಿಯಿಂದ ರಾತ್ರಿ ಹೊರಬಂದು ಪಕ್ಕದ ತೊಟ್ಟಿಯ ಮೀನುಗಳನ್ನು ತಿಂದು, ಬೆಳಗಾಗುವುದರೊಳಗೆ ತನ್ನ ಜಾಗಕ್ಕೆ ಮರಳುತ್ತಿದ್ದ ಆಕ್ಟೋಪಸ್ಸಿನ ಸಂಗತಿ ಆ ಪುಸ್ತಕದಲ್ಲಿದೆ. 1872ರಲ್ಲೇ ಆಂಟನ್ ಡೋರ್ನ್ ಇಟಲಿಯ ನೇಪಲ್ಸ್‌ನಲ್ಲಿ ಸಾಗರ ಪ್ರಾಣಿವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದ. ಮುಂದಿನ ಒಂದೂವರೆ ಶತಮಾನದಲ್ಲಿ ಆಕ್ಟೋಪಸ್ಸಿನ ಮಿದುಳು ಮತ್ತು ಕಲಿಕೆಯ ಬಗ್ಗೆ ನಮಗೆ ತಿಳಿದುಬಂದದ್ದರಲ್ಲಿ ದೊಡ್ಡ ಪಾಲು ಅಲ್ಲಿನದು. ಸಾರ್ವಜನಿಕ ಪ್ರದರ್ಶನದಿಂದ ಮನೆಯ ತೊಟ್ಟಿಗೆ ಈ ಪ್ರಾಣಿ ಇಳಿದದ್ದು ಬಹಳ ತಡವಾಗಿ. ಕೃತಕ ಸಮುದ್ರಲವಣ, ಒಳ್ಳೆಯ ಫಿಲ್ಟರ್, ನೀರು ತಂಪಾಗಿಡುವ ಚಿಲ್ಲರ್ ಇವೆಲ್ಲ ಸಾಮಾನ್ಯರ ಕೈಗೆಟುಕಿದ ಮೇಲಷ್ಟೇ ಅದು ಸಾಧ್ಯವಾಯಿತು. ದಕ್ಷಿಣ ಆಫ್ರಿಕದ ಕಡಲಲ್ಲಿ ಒಂದು ಕಾಡು ಆಕ್ಟೋಪಸ್ಸನ್ನು ಹಿಂಬಾಲಿಸಿದ ಸಾಕ್ಷ್ಯಚಿತ್ರ 'ಮೈ ಆಕ್ಟೋಪಸ್ ಟೀಚರ್' 2021ರಲ್ಲಿ ಆಸ್ಕರ್ ಗೆದ್ದ ಮೇಲಂತೂ ಈ ಪ್ರಾಣಿಯನ್ನು ಪ್ರೀತಿಯಿಂದ ನೋಡುವವರ ಬಳಗ ಬಹಳ ದೊಡ್ಡದಾಗಿದೆ. ಆ ಚಿತ್ರದ ಆಕ್ಟೋಪಸ್ ಕೊನೆಯವರೆಗೂ ತನ್ನ ಕಡಲಲ್ಲೇ ಇತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಸಾಕುವವನಿಗೆ ಎದುರಾಗುವ ಕಷ್ಟಗಳೆಲ್ಲ ಪ್ರಾಣಿಯ ದೇಹರಚನೆಯಿಂದಲೇ ಹುಟ್ಟುತ್ತವೆ. ಅದಕ್ಕೆ ಮೂರು ಹೃದಯಗಳು. ಎರಡು ಕಿವಿರುಗಳಿಗೆ ರಕ್ತ ದೂಡಿದರೆ ಮೂರನೆಯದು ಉಳಿದ ದೇಹಕ್ಕೆ. ಆಮ್ಲಜನಕವನ್ನು ಹೊರುವುದು ತಾಮ್ರವಿರುವ ಹೀಮೊಸಯಾನಿನ್ ಎಂಬ ವಸ್ತು. ರಕ್ತ ನೀಲಿಯಾಗಿ ಕಾಣುವುದು ಅದರಿಂದಲೇ. ಹೀಮೊಸಯಾನಿನ್ ನಮ್ಮ ಹಿಮೋಗ್ಲೋಬಿನ್ನಿನಷ್ಟು ಸಮರ್ಥವಲ್ಲ. ಆದ್ದರಿಂದ ನೀರಿನಲ್ಲಿ ಕರಗಿದ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಆಕ್ಟೋಪಸ್ ಬೇಗ ಸೊರಗುತ್ತದೆ. ರಕ್ತದಲ್ಲಿ ತಾಮ್ರವಿದ್ದರೂ ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದಕ್ಕೆ ವಿಷ. ಸಮುದ್ರ ಮೀನುಗಳ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಅಂಥ ಔಷಧಿ ಬಳಸಿದ ಹಳೆಯ ತೊಟ್ಟಿಯ ಕಲ್ಲು, ಮರಳು, ಸಿಲಿಕೋನ್ ಅಂಟು ಆ ಲೋಹವನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತಿರಬಲ್ಲವು. ಎಷ್ಟೇ ತೊಳೆದಿದ್ದರೂ ಅಂಥ ತೊಟ್ಟಿಯನ್ನು ನಂಬುವಂತಿಲ್ಲ. ದೇಹದಲ್ಲಿ ಗಿಣಿಯ ಕೊಕ್ಕನ್ನು ಹೋಲುವ ಬಾಯಿಯ ಹೊರತು ಗಟ್ಟಿಯಾದ ಭಾಗ ಇಲ್ಲವೆಂದೇ ಹೇಳಬೇಕು. ಕೊಕ್ಕು ತೂರುವಷ್ಟು ಸಂದು ಸಿಕ್ಕರೆ ಇಡೀ ಪ್ರಾಣಿ ಅದರಲ್ಲಿ ನುಸುಳಿ ಹೋಗುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಹೊಸಬರ ತೊಟ್ಟಿಯಲ್ಲಿ ಆಕ್ಟೋಪಸ್ ಬೇಗ ಸಾಯುವುದು ಹೆಚ್ಚಾಗಿ ನೀರು ಕೆಟ್ಟು. ಮಧ್ಯಮ ಗಾತ್ರದ ಒಂದು ಪ್ರಾಣಿಗೆ ಕನಿಷ್ಠ 200 ಲೀಟರ್ ನೀರು ಬೇಕೆಂಬುದು ಅನುಭವಿಗಳ ಸಾಮಾನ್ಯ ಅಳತೆ. ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ಅಂದರೆ ತೊಟ್ಟಿಯನ್ನು ಮೊದಲ ಸಲ ತುಂಬುವಾಗಲೇ ಏಳು ಕಿಲೋ ಸಮುದ್ರಲವಣ ಬೇಕು, ಆಮೇಲೆ ಪ್ರತಿ ಸಲ ನೀರು ಬದಲಿಸುವಾಗಲೂ ಅದೇ ಲೆಕ್ಕದಲ್ಲಿ. ನಲ್ಲಿ ನೀರಿನ ಕ್ಲೋರಿನ್ ಮತ್ತು ಲೋಹಗಳು ಆಗದ ಕಾರಣ ಆರ್‌ಒ ಯಂತ್ರದಲ್ಲಿ ಶುದ್ಧಗೊಳಿಸಿದ ನೀರನ್ನೇ ಬಳಸಬೇಕು. ಆಕ್ಟೋಪಸ್ ತಿನ್ನುವುದೆಲ್ಲ ಮಾಂಸ. ಆದ್ದರಿಂದ ಅದೇ ತೂಕದ ಮೀನಿಗಿಂತ ಹೆಚ್ಚು ಅಮೋನಿಯ ಹೊರಬೀಳುತ್ತದೆ. ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಆಗಿಯೂ ನೈಟ್ರೈಟನ್ನು ಇನ್ನೊಂದು ಬಗೆಯದು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಗಳು ಕಲ್ಲು, ಮರಳು, ಫಿಲ್ಟರಿನ ಮೇಲೆ ಸಾಕಷ್ಟು ನೆಲೆಯೂರಲು ವಾರಗಳೇ ಹಿಡಿಯುತ್ತವೆ. ಆಕ್ಟೋಪಸ್ಸಿನಂಥ ಸೂಕ್ಷ್ಮ ಪ್ರಾಣಿಯನ್ನು ಬಿಡುವ ಮುನ್ನ ತೊಟ್ಟಿಯನ್ನು ಸುಮಾರು ಮೂರು ತಿಂಗಳು ಹದಗೊಳಿಸಬೇಕೆಂದು ಬಲ್ಲವರು ಹೇಳುತ್ತಾರೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆ ತೋರಿಸಬೇಕು. ನೀರಿನ ಕೊಳೆಯನ್ನು ನೊರೆಯ ರೂಪದಲ್ಲಿ ಎತ್ತಿ ಹಾಕುವ ಪ್ರೋಟೀನ್ ಸ್ಕಿಮ್ಮರ್ ಇಲ್ಲಿ ಅನಿವಾರ್ಯ. ಪ್ರಾಣಿ ಗಾಬರಿಯಾಗಿ ಮಸಿ ಉಗುಳಿದರೆ ಅದನ್ನು ತೆಗೆಯುವುದೂ ಈ ಸ್ಕಿಮ್ಮರ್ ಮತ್ತು ಇದ್ದಿಲಿನ ಫಿಲ್ಟರ್. ತೆರೆದ ಕಡಲಲ್ಲಿ ಶತ್ರುವಿನ ಕಣ್ಣು ತಪ್ಪಿಸುವ ಆ ಮಸಿ, ಮುಚ್ಚಿದ ತೊಟ್ಟಿಯಲ್ಲಿ ಕಿವಿರಿಗೆ ಮೆತ್ತಿಕೊಂಡು ಉಗುಳಿದ ಪ್ರಾಣಿಗೇ ಕುತ್ತಾಗಬಹುದು. ಇನ್ನು ಉಷ್ಣತೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಪ್ರಾಣಿಯ ದೇಹಕ್ರಿಯೆ ಮಾತ್ರ ಚುರುಕಾಗಿ ಹೆಚ್ಚು ಆಮ್ಲಜನಕ ಬೇಡುತ್ತದೆ. ಸಮಶೀತೋಷ್ಣ ಕಡಲಿನ ಜಾತಿಗಳಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. ಬೆಂಗಳೂರಿನ ಬೇಸಿಗೆಯ ಕೋಣೆಯಲ್ಲಿ ಚಿಲ್ಲರ್ ಇಲ್ಲದೆ ಇದು ಆಗದ ಮಾತು. ಚಿಲ್ಲರ್, ಪಂಪು ಎರಡೂ ವಿದ್ಯುತ್ತನ್ನೇ ನಂಬಿರುವುದರಿಂದ ಕರೆಂಟ್ ಹೋದ ಕೆಲವು ಗಂಟೆಗಳಲ್ಲೇ ಪ್ರಾಣಿಯ ಜೀವಕ್ಕೆ ಸಂಚಕಾರ ಬರಬಹುದು.

ಮುಚ್ಚಳದ ಪ್ರಶ್ನೆ ಚಿಕ್ಕದೆನಿಸಿದರೂ ಈ ಪ್ರಾಣಿಯ ಸ್ವಭಾವವನ್ನು ಅದರಷ್ಟು ಚೆನ್ನಾಗಿ ತಿಳಿಸುವುದು ಬೇರೊಂದಿಲ್ಲ. ನ್ಯೂಜಿಲೆಂಡಿನ ನೇಪಿಯರ್‌ನಲ್ಲಿರುವ ರಾಷ್ಟ್ರೀಯ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್, ಸರಿಯಾಗಿ ಮುಚ್ಚದ ತೊಟ್ಟಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಸುಮಾರು 50 ಮೀಟರ್ ಉದ್ದದ ಚರಂಡಿ ಕೊಳವೆಯೊಳಗೆ ಇಳಿದು ಕಡಲು ಸೇರಿದ ಸುದ್ದಿ 2016ರಲ್ಲಿ ಲೋಕಪ್ರಸಿದ್ಧವಾಯಿತು. 2009ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ಅಕ್ವೇರಿಯಂನಲ್ಲಿ ಒಂದು ಪುಟ್ಟ ಆಕ್ಟೋಪಸ್ ತೊಟ್ಟಿಯ ವಾಲ್ವನ್ನು ಕಿತ್ತು, ರಾತ್ರಿ ಬೆಳಗಾಗುವಷ್ಟರಲ್ಲಿ ನೂರಾರು ಲೀಟರ್ ನೀರನ್ನು ನೆಲಕ್ಕೆ ಹರಿಸಿತ್ತು. ಜರ್ಮನಿಯ ಕೋಬುರ್ಗ್‌ನಲ್ಲಿ 2008ರಲ್ಲಿ ಆಟೊ ಎಂಬ ಆಕ್ಟೋಪಸ್ ಮೇಲಿನ ದೀಪಕ್ಕೆ ನೀರು ಚಿಮ್ಮಿಸಿ ವಿದ್ಯುತ್ತನ್ನೇ ಕೆಡಿಸಿತು. ಮನೆಯಲ್ಲಿ ಸಾಕುವವರು ಇದನ್ನೆಲ್ಲ ತಿಳಿದು ಮುಚ್ಚಳಕ್ಕೆ ಬೀಗ ಅಥವಾ ಭಾರ ಇಡುತ್ತಾರೆ, ಕೊಳವೆ ಹೊರಡುವ ಪ್ರತಿ ರಂಧ್ರಕ್ಕೂ ಬಲೆ ಕಟ್ಟುತ್ತಾರೆ, ಪಂಪಿನ ಬಾಯಿಗೆ ಸ್ಪಂಜು ತುರುಕುತ್ತಾರೆ. ಇಷ್ಟು ಮಾಡಿದರೆ ತಪ್ಪಿಸಿಕೊಂಡು ಒಣಗಿ ಸಾಯುವುದನ್ನು ತಡೆಯಬಹುದು. ಆದರೆ ಪ್ರತಿ ರಾತ್ರಿ ಅಂಚಂಚನ್ನೂ ತಡವಿ ದಾರಿ ಹುಡುಕುವ ಪ್ರಾಣಿಯನ್ನು ಹೀಗೆ ಬಿಗಿದಿಡಬೇಕಾಗಿ ಬರುವುದು ಅದರ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿಕೊಳ್ಳಬೇಕು.

ಆಹಾರದ ವಿಷಯ ಇಷ್ಟು ಜಟಿಲವಲ್ಲ. ಏಡಿ, ಸಿಗಡಿ, ಮರುವಾಯಿಯಂಥ ಚಿಪ್ಪಿನ ಜೀವಿಗಳು ಇದರ ಸಹಜ ಆಹಾರ. ಜೀವಂತ ಬೇಟೆಯಿಂದ ಶುರುಮಾಡಿ ಕ್ರಮೇಣ ಮಂಜುಗಟ್ಟಿಸಿದ ಸಿಗಡಿಗೆ ಒಗ್ಗಿಸಬಹುದು. ಜೊತೆಗೆ ಬೇರೆ ಮೀನುಗಳನ್ನು ಇಡುವಂತಿಲ್ಲ: ಚಿಕ್ಕವನ್ನು ಇದು ತಿನ್ನುತ್ತದೆ, ದೊಡ್ಡವು ಇದನ್ನು ಕುಕ್ಕುತ್ತವೆ. ಇನ್ನೊಂದು ಆಕ್ಟೋಪಸ್ಸನ್ನು ಬಿಟ್ಟರೆ ಒಂದು ಇನ್ನೊಂದರ ಆಹಾರವಾಗುವ ಸಂಭವವೇ ಹೆಚ್ಚು. ಅಡಗಲು ಕಲ್ಲಿನ ಗವಿಯೋ ಮಡಕೆಯೋ ಬೇಕೇಬೇಕು. ಮಡಕೆಯೊಳಗೆ ಹೊಕ್ಕು ಕೂರುವ ಈ ಅಭ್ಯಾಸವನ್ನೇ ನಂಬಿ ಜಪಾನಿನ ಮತ್ತು ಮೆಡಿಟರೇನಿಯನ್ ಕರಾವಳಿಯ ಬೆಸ್ತರು ಶತಮಾನಗಳಿಂದ ಹಗ್ಗಕ್ಕೆ ಕಟ್ಟಿದ ಮಣ್ಣಿನ ಮಡಕೆಗಳನ್ನು ಇಳಿಬಿಟ್ಟು ಆಕ್ಟೋಪಸ್ ಹಿಡಿಯುತ್ತ ಬಂದಿದ್ದಾರೆ.

ಮನೆಯ ತೊಟ್ಟಿಗೆ ಹೊಂದುವ ಜಾತಿ ಯಾವುದು ಎಂದರೆ ಹವ್ಯಾಸಿಗಳು ಮೊದಲು ಹೆಸರಿಸುವುದು ಕ್ಯಾಲಿಫೋರ್ನಿಯದ ಎರಡು ಚುಕ್ಕೆಯ ಆಕ್ಟೋಪಸ್, ಆಕ್ಟೋಪಸ್ ಬೈಮ್ಯಾಕ್ಯುಲಾಯ್ಡಿಸ್. ಕಣ್ಣುಗಳ ಕೆಳಗೆ ಪಕ್ಕಕ್ಕೊಂದರಂತೆ ನೀಲಿ ಉಂಗುರದ ಹುಸಿಗಣ್ಣು ಇರುವ ಇದು ಮಧ್ಯಮ ಗಾತ್ರದ್ದು, ಹಗಲಲ್ಲೂ ಓಡಾಡುತ್ತದೆ, ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತದೆ. ವಿಜ್ಞಾನಿಗಳಿಗೂ ಇದು ಅಚ್ಚುಮೆಚ್ಚು. 2015ರಲ್ಲಿ ಮೊದಲ ಬಾರಿಗೆ ಪೂರ್ಣ ಜೀನೋಮ್ ಓದಲಾದ ಆಕ್ಟೋಪಸ್ ಇದೇ. ಇದರ ಮೊಟ್ಟೆಗಳು ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ಮರಿಗಳು ಹುಟ್ಟುತ್ತಲೇ ದೊಡ್ಡವರ ಪುಟ್ಟ ಪ್ರತಿಯಂತೆ ತಳದಲ್ಲಿ ನಡೆದಾಡುತ್ತವೆ. ಕೆರಿಬಿಯನ್ ಹವಳದಿಬ್ಬದ ಆಕ್ಟೋಪಸ್ಸನ್ನೂ ಸಾಕುವವರಿದ್ದಾರೆ, ಅದು ನಿಶಾಚರಿ. ಇಂಡೋನೇಷ್ಯದ ಅನುಕರಣಕಾರ ಆಕ್ಟೋಪಸ್ ತನ್ನ ವೇಷಗಳಿಗಾಗಿ ಹೆಸರಾಗಿದ್ದರೂ ಅದನ್ನು ಕಡಲಿನಿಂದ ತರಿಸಿಕೊಳ್ಳುವುದು ಯಾವ ರೀತಿಯಿಂದಲೂ ಸಮರ್ಥನೀಯವಲ್ಲ. ಜಪಾನಿನಿಂದ ಆಸ್ಟ್ರೇಲಿಯದವರೆಗಿನ ಕಡಲುಗಳಲ್ಲಿರುವ ನೀಲಿ ಉಂಗುರದ ಆಕ್ಟೋಪಸ್ಸನ್ನಂತೂ ಯಾರೂ ಮನೆಗೆ ತರಬಾರದು. ಅಂಗೈಗಿಂತ ಚಿಕ್ಕದಾದ ಅದರ ಜೊಲ್ಲಿನಲ್ಲಿ ಟೆಟ್ರೋಡೊಟಾಕ್ಸಿನ್ ಇದೆ. ಕಚ್ಚಿದ್ದು ಗೊತ್ತೇ ಆಗದಿರಬಹುದು, ಉಸಿರಾಟದ ಸ್ನಾಯುಗಳು ಸ್ತಬ್ಧವಾಗುತ್ತವೆ, ಪ್ರತಿವಿಷವಿಲ್ಲ. ಅಂಗಡಿಯಲ್ಲಿ ಆಕ್ಟೋಪಸ್ಸನ್ನು ಮಾರುವಾಗ ಬಹುಪಾಲು ಜಾತಿಯ ಹೆಸರೇ ಇರುವುದಿಲ್ಲ. ಕ್ಷಣಕ್ಷಣಕ್ಕೆ ಬಣ್ಣ, ಮೈಮಾಟ ಬದಲಿಸುವ ಪ್ರಾಣಿಯನ್ನು ಗುರುತಿಸುವುದು ತಜ್ಞರಿಗೂ ಕಷ್ಟ. ಜಾತಿ ತಿಳಿಯದೆ ಅದಕ್ಕೆ ಬೇಕಾದ ಉಷ್ಣತೆಯಾಗಲಿ, ಬೆಳೆಯುವ ಗಾತ್ರವಾಗಲಿ, ಉಳಿದಿರುವ ಆಯುಷ್ಯವಾಗಲಿ ತಿಳಿಯದು.

ಮೊದಲ ದೊಡ್ಡ ಅಡ್ಡಿ ಈ ಆಯುಷ್ಯವೇ. ಹೆಚ್ಚಿನ ಆಕ್ಟೋಪಸ್‌ಗಳು ಒಂದರಿಂದ ಎರಡು ವರ್ಷ ಬದುಕುತ್ತವೆ. ದೈತ್ಯ ಆಕ್ಟೋಪಸ್ ಕೂಡ ಐದು ವರ್ಷ ದಾಟುವುದು ಅಪರೂಪ. ಜೀವಮಾನದಲ್ಲಿ ಒಂದೇ ಸಲ ಸಂತಾನ, ಅದರ ಬೆನ್ನಿಗೇ ಸಾವು. ಹೆಣ್ಣು ಮೊಟ್ಟೆಯಿಟ್ಟು, ಊಟ ಬಿಟ್ಟು, ಮೊಟ್ಟೆಗಳನ್ನು ಸವರುತ್ತ, ನೀರೂದುತ್ತ ಕಾಯ್ದು ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಗಂಡು ಕೂಡಿಕೆಯ ನಂತರ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಾಡುತ್ತದೆ. ಇದು ರೋಗವೂ ಅಲ್ಲ, ಹಸಿವಿನ ಫಲವೂ ಅಲ್ಲ ಎಂದು ಮೊದಲು ಸ್ಪಷ್ಟಪಡಿಸಿದ್ದು ಅಮೆರಿಕದ ಜೆರೋಮ್ ವೊಡಿನ್ಸ್ಕಿ. 1977ರಲ್ಲಿ ಆತ ಮೊಟ್ಟೆಯಿಟ್ಟ ಹೆಣ್ಣುಗಳ ಕಣ್ಣುಗಳ ನಡುವಿನ ದೃಕ್ ಗ್ರಂಥಿಗಳನ್ನು ತೆಗೆದುಹಾಕಿದಾಗ ಅವು ಮೊಟ್ಟೆ ಕಾಯುವುದನ್ನು ಬಿಟ್ಟು, ಮತ್ತೆ ತಿನ್ನತೊಡಗಿ, ಮೈತುಂಬಿಕೊಂಡು ಹೆಚ್ಚು ಕಾಲ ಬದುಕಿದವು. 2022ರಲ್ಲಿ ಎರಡು ಚುಕ್ಕೆಯ ಆಕ್ಟೋಪಸ್ಸಿನ ಮೇಲೆ ನಡೆದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಗ್ರಂಥಿಯಲ್ಲಿ ಕೊಲೆಸ್ಟ್ರಾಲ್ ಬಳಕೆಯ ಹಾದಿಗಳೇ ಬದಲಾಗಿ ಬೇರೆ ಬೇರೆ ಸ್ಟೀರಾಯ್ಡ್‌ಗಳು ಹೊರಬೀಳುವುದನ್ನು ತೋರಿಸಿತು. ಎಂದರೆ ಸಾವಿನ ಗಡಿಯಾರ ಪ್ರಾಣಿಯ ದೇಹದೊಳಗೇ ಇದೆ. ತಿನ್ನುವುದು ನಿಂತು, ಚರ್ಮದ ಮೇಲೆ ಬಿಳಿ ಹುಣ್ಣುಗಳೆದ್ದು, ತೋಳುಗಳ ಹತೋಟಿ ತಪ್ಪಿ, ಬಣ್ಣ ಮಾಸಿದ ಪ್ರಾಣಿ ಬಯಲಲ್ಲೇ ಅಲೆಯತೊಡಗಿದರೆ ಯಾವ ಪಶುವೈದ್ಯನೂ ಅದನ್ನು ಹಿಂದಕ್ಕೆ ತರಲಾರ. ಕಡಲಿನಿಂದ ಹಿಡಿದು ತಂದ ಆಕ್ಟೋಪಸ್ ಸಾಮಾನ್ಯವಾಗಿ ಬೆಳೆದದ್ದೇ ಆಗಿರುತ್ತದೆ. ತೊಟ್ಟಿಗೆ ಮೂರು ತಿಂಗಳು ಸಿದ್ಧತೆ ಮಾಡಿಕೊಂಡವನ ಮನೆಯಲ್ಲಿ ಅದು ಅಷ್ಟು ಕಾಲವೂ ಇರದೆ ಹೋಗಬಹುದು.

ಅಲ್ಪಾಯುಷ್ಯವಿರುವ ಪ್ರಾಣಿಗಳನ್ನು ಜನ ಸಾಕುವುದಿಲ್ಲವೇ ಎಂದು ಇಲ್ಲಿ ಕೇಳಬಹುದು. ಹ್ಯಾಮ್‌ಸ್ಟರ್ ಎರಡು ಮೂರು ವರ್ಷವಷ್ಟೇ ಬದುಕುತ್ತದೆ, ಹಲವು ಪುಟ್ಟ ಮೀನುಗಳು ಅದಕ್ಕಿಂತಲೂ ಕಡಿಮೆ. ಆದರೆ ಅವು ಮನುಷ್ಯನ ಆಸರೆಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಹುಟ್ಟಿ ಬೆಳೆಯುತ್ತವೆ. ಒಂದು ಸತ್ತರೆ ಇನ್ನೊಂದಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ನಾಯಿ, ಕೋಳಿ, ದನ ಸಾಕುಪ್ರಾಣಿಗಳಾದದ್ದೂ ಹೀಗೇ. ಆಕ್ಟೋಪಸ್ ಈ ದಾರಿಗೆ ಬರುವುದಿಲ್ಲ. ಸಾಮಾನ್ಯ ಆಕ್ಟೋಪಸ್ಸಿನ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಯಿಟ್ಟರೂ ಮರಿಗಳು ಅಕ್ಕಿಕಾಳಿಗಿಂತ ಚಿಕ್ಕವು, ವಾರಗಟ್ಟಲೆ ತೆರೆದ ಕಡಲಿನ ಪ್ಲವಕಗಳ ನಡುವೆ ತೇಲುತ್ತ ಬೇಟೆಯಾಡಬೇಕಾದವು. ಅವನ್ನು ತೊಟ್ಟಿಯಲ್ಲಿ ಬದುಕಿಸಲು ಸ್ಪೇನಿನಲ್ಲಿ ದಶಕಗಳ ಕಾಲ ಹೆಣಗಾಡಿದ ಮೇಲೆ, 2019ರಲ್ಲಷ್ಟೇ ಒಂದು ದೊಡ್ಡ ಕಂಪನಿ ಈ ಜೀವನಚಕ್ರವನ್ನು ಪೂರ್ಣಗೊಳಿಸಿದೆವೆಂದು ಪ್ರಕಟಿಸಿತು. ಮನೆಯ ಹವ್ಯಾಸಿಗೆ ಅದು ನಿಲುಕದು. ಎರಡು ಚುಕ್ಕೆಯ ಆಕ್ಟೋಪಸ್‌ನಂತೆ ತಳದಲ್ಲೇ ಬೆಳೆಯುವ ಮರಿಗಳಿರುವ ಜಾತಿಗಳಲ್ಲಿ ಮಾತ್ರ ಸಾಧ್ಯತೆ ಇದೆ. ಅಮೆರಿಕದ ವುಡ್ಸ್ ಹೋಲ್‌ನ ಸಾಗರ ಜೀವವಿಜ್ಞಾನ ಪ್ರಯೋಗಾಲಯ ಅವನ್ನು ಸಂಶೋಧನೆಗಾಗಿ ಸಾಕಿ ಮರಿಮಾಡಿಸಿದೆ. 2024ರಲ್ಲಿ ಒಕ್ಲಹೋಮಾದ ಒಂದು ಮನೆಯಲ್ಲಿ ಗಂಡೆಂದು ತಿಳಿದು ತಂದಿದ್ದ ಈ ಜಾತಿಯ ಆಕ್ಟೋಪಸ್ ಮೊಟ್ಟೆಯಿಟ್ಟು ಸುಮಾರು 50 ಮರಿಗಳು ಹುಟ್ಟಿದವು. ಒಂದನ್ನೊಂದು ತಿನ್ನದಂತೆ ಅಷ್ಟನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಪೋಷಿಸಬೇಕಾಗಿ ಬಂದು ಆ ಕುಟುಂಬದ ದಿನಚರಿಯೇ ಅದಾಗಿಹೋಯಿತು. ಸಾಧ್ಯವಿರುವ ಜಾತಿಯಲ್ಲೇ ಇಷ್ಟು ಪಾಡಾದರೆ, ಉಳಿದ ಜಾತಿಗಳಲ್ಲಿ ತೊಟ್ಟಿ ಖಾಲಿಯಾದಾಗಲೆಲ್ಲ ಮತ್ತೊಂದನ್ನು ಕಡಲಿನಿಂದ ಕೀಳದೆ ಬೇರೆ ದಾರಿ ಇಲ್ಲ.

ಎರಡನೆಯ ಅಡ್ಡಿ ಅದರ ಬುದ್ಧಿ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲ್, ನೀರಿಗೆ ಇಳಿಬಿಟ್ಟ ಮನುಷ್ಯನ ಕೈಯ ಬಳಿಗೇ ಬರುವುದರಿಂದ ಆಕ್ಟೋಪಸ್ ದಡ್ಡ ಪ್ರಾಣಿ ಎಂದು ಬರೆದ. ಅವನ ವೀಕ್ಷಣೆ ಸರಿ. ಅದನ್ನು ಇಂದು ಕುತೂಹಲವೆಂದು ಓದುತ್ತೇವೆ. ಸುಮಾರು 50 ಕೋಟಿ ನರಕೋಶಗಳು ಇದಕ್ಕಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೋಳುಗಳಲ್ಲೇ ಹರಡಿವೆ. ಹೀರುಬಟ್ಟಲುಗಳು ಮುಟ್ಟಿದ್ದರ ರುಚಿಯನ್ನೂ ಗ್ರಹಿಸುತ್ತವೆ. 1959ರಲ್ಲಿ ಪೀಟರ್ ಡ್ಯೂಸ್ ನೇಪಲ್ಸ್‌ನಲ್ಲಿ ಆಲ್ಬರ್ಟ್, ಬರ್ಟ್ರಮ್, ಚಾರ್ಲ್ಸ್ ಎಂಬ ಮೂರು ಆಕ್ಟೋಪಸ್‌ಗಳಿಗೆ ಸನ್ನೆಕೋಲು ಎಳೆದರೆ ಆಹಾರ ಸಿಗುವ ಪಾಠ ಕಲಿಸಿದ್ದನ್ನು ವರದಿ ಮಾಡಿದ. ಮೊದಲೆರಡು ಸರಿಯಾಗಿ ಕಲಿತವು. ಚಾರ್ಲ್ಸ್ ಮಾತ್ರ ದೀಪವನ್ನು ನೀರಿಗೆಳೆದು, ಪ್ರಯೋಗ ನಡೆಸುವವರ ಮೇಲೆ ನೀರೆರಚಿ, ಕೊನೆಗೆ ಸನ್ನೆಕೋಲನ್ನೇ ಮುರಿದುಹಾಕಿತು. 1992ರಲ್ಲಿ ಫಿಯೊರಿಟೊ ಮತ್ತು ಸ್ಕಾಟೊ, ಇನ್ನೊಂದು ಆಕ್ಟೋಪಸ್ ಚೆಂಡು ಆರಿಸುವುದನ್ನು ನೋಡಿಯೇ ಕಲಿಯಬಲ್ಲದೆಂದು ಪ್ರಕಟಿಸಿದರು. ಆ ಫಲಿತಾಂಶಕ್ಕೆ ಆಕ್ಷೇಪಗಳೂ ಬಂದವು. ಜೆನಿಫರ್ ಮೇದರ್ ಮತ್ತು ರೋಲಂಡ್ ಆಂಡರ್ಸನ್ ಸಿಯಾಟಲ್ ಅಕ್ವೇರಿಯಂನಲ್ಲಿ ತೇಲುವ ಖಾಲಿ ಔಷಧಿ ಡಬ್ಬಿ ಕೊಟ್ಟು ನೋಡಿದಾಗ ಎಂಟು ಆಕ್ಟೋಪಸ್‌ಗಳಲ್ಲಿ ಎರಡು ಅದರತ್ತ ಮತ್ತೆ ಮತ್ತೆ ನೀರೂದಿ, ಅದು ಹರಿವಿನಲ್ಲಿ ಮರಳಿ ಬರುವುದನ್ನು ಕಾಯುತ್ತಿದ್ದವು. ಇದನ್ನು ಅವರು ಆಟವೆಂದೇ ಕರೆದರು. 2010ರಲ್ಲಿ ಇದೇ ತಂಡ, ಒಂದೇ ಬಗೆಯ ಉಡುಪು ತೊಟ್ಟ ಇಬ್ಬರಲ್ಲಿ ಊಟ ಕೊಡುವವರು ಯಾರು, ಚುಚ್ಚುವ ಕಡ್ಡಿ ತಾಗಿಸುವವರು ಯಾರು ಎಂಬುದನ್ನು ದೈತ್ಯ ಆಕ್ಟೋಪಸ್‌ಗಳು ಗುರುತಿಸುತ್ತವೆ ಎಂದು ತೋರಿಸಿತು. ಇಂಡೋ-ಪೆಸಿಫಿಕ್ ಕಡಲಿನ ಒಂದು ಜಾತಿ ತೆಂಗಿನ ಚಿಪ್ಪುಗಳನ್ನು ಹೊತ್ತೊಯ್ದು ಬೇಕಾದಾಗ ಮನೆ ಮಾಡಿಕೊಳ್ಳುವುದನ್ನು 2009ರಲ್ಲಿ ವರದಿ ಮಾಡಲಾಯಿತು.

ನೋವಿನ ಬಗ್ಗೆಯೂ ಈಗ ಪುರಾವೆ ಇದೆ. ರಾಬಿನ್ ಕ್ರುಕ್ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೋಳಿಗೆ ದುರ್ಬಲ ಆಮ್ಲ ಚುಚ್ಚಿಸಿಕೊಂಡ ಆಕ್ಟೋಪಸ್‌ಗಳು ಮೊದಲು ತಾವೇ ಇಷ್ಟಪಟ್ಟಿದ್ದ ಕೋಣೆಯನ್ನು ಆ ಬಳಿಕ ದೂರವಿಟ್ಟವು. ನೋವು ಮರೆಸುವ ಮದ್ದು ಸಿಕ್ಕ ಕೋಣೆಯನ್ನು ಬಯಸಿದವು. ಗಾಯದ ನೆನಪು ಮತ್ತು ಶಮನದ ಬಯಕೆ ಎರಡೂ ಇರುವಲ್ಲಿ, ಇದು ಬರೀ ಪ್ರತಿಕ್ರಿಯೆ ಎಂದು ತಳ್ಳಿಹಾಕುವುದು ಕಷ್ಟ. ಬಂಧನದಲ್ಲಿ ಕೆಲವು ಆಕ್ಟೋಪಸ್‌ಗಳು ತಮ್ಮ ತೋಳಿನ ತುದಿಯನ್ನೇ ಕಡಿದು ತಿನ್ನುತ್ತವೆ. ಕಾರಣ ಒತ್ತಡವೋ ಸೋಂಕೋ ಎಂಬ ಚರ್ಚೆ ಇನ್ನೂ ಇದೆ. ಸಾಕುವವರು ತೊಟ್ಟಿಗೆ ಮುಚ್ಚಳವಿರುವ ಬಾಟಲಿ, ಆಟಿಕೆ, ಬದಲಾಗುವ ಕಲ್ಲುಗಳನ್ನು ಹಾಕಿ ಬೇಸರ ಕಳೆಯಲು ಯತ್ನಿಸುತ್ತಾರೆ, ಅದು ಒಳ್ಳೆಯ ಕೆಲಸವೇ. ಆದರೆ ಹೊಸತನ್ನು ಹುಡುಕುವ ಪ್ರಾಣಿಗೆ ಇಂದಿನ ಹೊಸತು ನಾಳೆಗೆ ಹಳತು. 200 ಲೀಟರಿನ ಪೆಟ್ಟಿಗೆಯಲ್ಲಿ ಬದಲಿಸಲು ಉಳಿಯುವುದು ಬಹಳ ಸ್ವಲ್ಪ. ಯಾವ ಗುಣಕ್ಕಾಗಿ ಜನ ಆಕ್ಟೋಪಸ್ಸನ್ನು ಮನೆಗೆ ತರಲು ಬಯಸುತ್ತಾರೋ ಅದೇ ಗುಣ ಅದನ್ನು ಮನೆಯ ತೊಟ್ಟಿಗೆ ಒಗ್ಗದಂತೆ ಮಾಡುತ್ತದೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಕಡಲಿನ ಬದುಕು ಸುಖದ್ದೇನಲ್ಲ, ಲಕ್ಷ ಮರಿಗಳಲ್ಲಿ ಉಳಿಯುವುದು ಕೆಲವೇ, ಉಳಿದದ್ದನ್ನೂ ಹಾವುಮೀನು, ಸೀಲುಗಳು ಹೊಂಚಿ ತಿನ್ನುತ್ತವೆ. ತೊಟ್ಟಿಯಲ್ಲಿ ಆ ಭಯವಿಲ್ಲ ಎಂಬುದು ಮೊದಲನೆಯದು. ನಿಜ, ಆದರೆ ಹಿಡಿದು ತಂದ ಪ್ರಾಣಿ ಆ ಗಂಡಾಂತರಗಳನ್ನೆಲ್ಲ ದಾಟಿ ಬೆಳೆದು, ಸಂತಾನದ ಹೊಸ್ತಿಲಲ್ಲಿದ್ದದ್ದು. ಅದನ್ನು ಒಂಟಿಯಾಗಿ ಇಟ್ಟರೆ ಅದರ ಬದುಕಿನ ಏಕೈಕ ಸಂತಾನದ ಅವಕಾಶವನ್ನೇ ಕಿತ್ತುಕೊಂಡಂತೆ. ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು: ಜಗತ್ತಿನಲ್ಲಿ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ಆಕ್ಟೋಪಸ್ಸನ್ನು ಹಿಡಿದು ತಿನ್ನುವಾಗ ತೊಟ್ಟಿಯ ಕೆಲವನ್ನು ಕುರಿತು ಇಷ್ಟು ಚಿಂತೆ ಏಕೆ? ಸಂಖ್ಯೆಯಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲವೆಂದು ಒಪ್ಪಬೇಕು. ಆದರೂ ಬೆಸ್ತನಿಗೆ ಅದು ಹೊಟ್ಟೆಪಾಡು. ಪ್ರಾಣಿಯ ಮೇಲಿನ ಪ್ರೀತಿಯಿಂದಲೇ ಅದನ್ನು ತರುತ್ತೇನೆ ಎನ್ನುವವನು, ಆ ಪ್ರೀತಿ ಪ್ರಾಣಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಮೂರನೆಯದು, ಹವ್ಯಾಸಿಗಳಿಂದ ಜ್ಞಾನ ಬೆಳೆದಿದೆ ಎಂಬುದು. ಇದರಲ್ಲಿ ಸತ್ಯಾಂಶ ಬಹಳವಿದೆ. ಯಾವ ಜಾತಿ ಏನು ತಿನ್ನುತ್ತದೆ, ಎಷ್ಟು ಕಾಲ ಬದುಕುತ್ತದೆ, ಮರಿಗಳನ್ನು ಹೇಗೆ ಉಳಿಸಬೇಕು ಎಂಬ ಎಷ್ಟೋ ವಿವರಗಳನ್ನು ಶ್ರದ್ಧೆಯಿಂದ ದಾಖಲಿಸಿದವರು ಅವರು. ಕಾಲಿನ್ ಡನ್ಲಪ್ ಮತ್ತು ನ್ಯಾನ್ಸಿ ಕಿಂಗ್ ಮನೆಯ ಸಾಕಣೆಯ ಬಗ್ಗೆ ಒಂದು ಪೂರ್ಣ ಕೈಪಿಡಿಯನ್ನೇ ಬರೆದಿದ್ದಾರೆ. ಹಾಗಾಗಿ, ಸೆರೆಯಲ್ಲೇ ಹುಟ್ಟಿದ ಎರಡು ಚುಕ್ಕೆಯ ಮರಿಯನ್ನು ತಂಪುನೀರಿನಲ್ಲಿ, ದಿನವೂ ಗಂಟೆಗಟ್ಟಲೆ ಗಮನ ಕೊಟ್ಟು ಸಾಕುವ ಅನುಭವಿಗೆ ಒಂದು ಸಣ್ಣ ವಿನಾಯಿತಿ ಕೊಡಬಹುದು. ಆ ವಿನಾಯಿತಿಯನ್ನು ಎಲ್ಲರ ಹವ್ಯಾಸಕ್ಕೆ ಪರವಾನಗಿಯಾಗಿ ಹಿಗ್ಗಿಸಲಾಗದು.

ಕಾನೂನುಗಳು ಮೆಲ್ಲಗೆ ಇದೇ ದಿಕ್ಕಿಗೆ ಸಾಗುತ್ತಿವೆ. ಬ್ರಿಟನ್ 1993ರಲ್ಲೇ ಸಾಮಾನ್ಯ ಆಕ್ಟೋಪಸ್ಸನ್ನು ಪ್ರಯೋಗಪ್ರಾಣಿಗಳ ರಕ್ಷಣೆಯ ಕಾಯಿದೆಯ ಅಡಿಗೆ ತಂದಿತು. ಯುರೋಪಿಯನ್ ಒಕ್ಕೂಟದ 2010ರ ನಿರ್ದೇಶನ ಎಲ್ಲ ಜೀವಂತ ಶಿರಪಾದಿಗಳಿಗೂ ಆ ರಕ್ಷಣೆ ನೀಡಿತು. ಜೊನಾಥನ್ ಬರ್ಚ್ ನೇತೃತ್ವದ ತಂಡ 300ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2021ರಲ್ಲಿ ಕೊಟ್ಟ ವರದಿಯ ಬಳಿಕ, ಬ್ರಿಟನ್ನಿನ 2022ರ ಕಾಯಿದೆ ಶಿರಪಾದಿಗಳನ್ನು ಸಂವೇದನೆಯುಳ್ಳ ಪ್ರಾಣಿಗಳೆಂದು ಮಾನ್ಯ ಮಾಡಿತು. ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು 2024ರಲ್ಲಿ ಆಹಾರಕ್ಕಾಗಿ ಆಕ್ಟೋಪಸ್ ಸಾಕಣೆಯನ್ನು ನಿಷೇಧಿಸಿದವು. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಪ್ರಾಣಿ ಎಂದರೆ ಮನುಷ್ಯನ ಹೊರತಾದ ಯಾವುದೇ ಜೀವಿ ಎನ್ನುತ್ತದೆ. ಆ ವ್ಯಾಖ್ಯೆಯಿಂದ ಆಕ್ಟೋಪಸ್ ಹೊರಗುಳಿಯುವುದಿಲ್ಲ.

ಕರ್ನಾಟಕದ ಕರಾವಳಿಗೆ ಈ ಪ್ರಾಣಿ ಹೊಸದಲ್ಲ. ಮಂಗಳೂರು, ಮಲ್ಪೆಯ ಟ್ರಾಲ್ ಬೋಟುಗಳ ಬಲೆಗೆ ಬೊಂಡಾಸಿನ ಜೊತೆ ಆಕ್ಟೋಪಸ್ಸೂ ಬೀಳುತ್ತದೆ, ಮಂಜುಗಟ್ಟಿಸಿ ವಿದೇಶಕ್ಕೆ ರವಾನೆಯಾಗುತ್ತದೆ. ತೆಂಗಿನ ಚಿಪ್ಪು ಹೊರುವ ಜಾತಿಯೂ ಈ ನೀರುಗಳಲ್ಲಿದೆ. ಲಕ್ಷದ್ವೀಪದಲ್ಲಿ ಇಳಿತದ ಹೊತ್ತು ಹವಳದಿಬ್ಬದ ಮೇಲೆ ನಡೆದು ಆಕ್ಟೋಪಸ್ ಹಿಡಿಯುವ ಬೇಟೆ ಹಳೆಯದು. ನಮ್ಮ ಉಷ್ಣವಲಯದ ಜಾತಿಗಳಿಗೆ ಚಿಲ್ಲರ್ ಬೇಡ, ಆದ್ದರಿಂದ ಇಲ್ಲಿ ಸಾಕುವುದು ಸುಲಭ ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯೆನಿಸಬಹುದು. ಆದರೆ ಟ್ರಾಲ್ ಬಲೆಯ ಒತ್ತಡದಲ್ಲಿ ಸಿಕ್ಕಿದ ಪ್ರಾಣಿಯ ಮೆದುಚರ್ಮ ಹರಿದಿರುತ್ತದೆ, ಬೆಚ್ಚಗಿನ ನೀರಿನಲ್ಲಿ ಬೆಳವಣಿಗೆಯೂ ಮುಪ್ಪೂ ಬೇಗ ಬರುತ್ತವೆ. ಇಷ್ಟರ ಮೇಲೂ ಅಂಗಡಿಯಲ್ಲಿ ಜೀವಂತ ಆಕ್ಟೋಪಸ್ಸನ್ನು ಕಂಡು ಮನಸ್ಸಾದವರು, ಕೊಳ್ಳುವ ಮುನ್ನ ಮಾರುವವರನ್ನು ಮೂರು ಪ್ರಶ್ನೆ ಕೇಳಬೇಕು: ಇದು ಯಾವ ಜಾತಿ, ಹುಟ್ಟಿದ್ದು ತೊಟ್ಟಿಯಲ್ಲೋ ಕಡಲಲ್ಲೋ, ವಯಸ್ಸೆಷ್ಟು? ಮೂರಕ್ಕೂ ಖಚಿತ ಉತ್ತರ ಬಾರದಿದ್ದರೆ ದಯವಿಟ್ಟು ಅದನ್ನು ಕೊಳ್ಳಬೇಡಿ.